ಬಾಳಿಗರ ಸ್ವಿಚ್ಚು

ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸಬೇಕಾದರೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆಯಬೇಕು. 1970ರ ದಶಕದಲ್ಲಿ ಆ ಕೆಲಸ ಬೈಪೋಲಾರ್ ಟ್ರಾನ್ಸಿಸ್ಟರಿನದು. ಅದರಲ್ಲಿ 20 ಆಂಪಿಯರ್ ಹರಿಯಬೇಕೆಂದರೆ ಅದನ್ನು ನಿಯಂತ್ರಿಸುವ ತುದಿಯಾದ ಬೇಸ್‌ಗೇ ಎರಡು-ಮೂರು ಆಂಪಿಯರ್ ಕೊಡುತ್ತಲೇ ಇರಬೇಕಿತ್ತು. ಸ್ವಿಚ್ಚಿಗಿಂತ ಅದನ್ನು ನಡೆಸುವ ಡ್ರೈವ್ ಸರ್ಕ್ಯೂಟಿನದೇ ದೊಡ್ಡ ಖರ್ಚು. ಮಾಸ್‌ಫೆಟ್ ಎಂಬ ಇನ್ನೊಂದು ಬಗೆಯ ಟ್ರಾನ್ಸಿಸ್ಟರಿಗೆ ಈ ಹಸಿವಿಲ್ಲ. ಅದರ ಗೇಟಿನ ಕೆಳಗೆ ಆಕ್ಸೈಡ್ ಪದರವಿರುವುದರಿಂದ ವೋಲ್ಟೇಜ್ ಕೊಟ್ಟರೆ ಸಾಕು. ಆದರೆ ನೂರಾರು ವೋಲ್ಟ್ ತಡೆಯುವಂತೆ ಮಾಡಿದರೆ ಅದರ ರೋಧ ಏರಿ ಬಿಸಿಯಾಗುತ್ತದೆ.

ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಕೆನೆಕ್ಟಡಿ ಪ್ರಯೋಗಾಲಯದಲ್ಲಿದ್ದ ಬಂಟ್ವಾಳ ಜಯಂತ ಬಾಳಿಗ ಇವೆರಡನ್ನೂ ಒಂದೇ ಸಿಲಿಕಾನ್ ಚೂರಿನಲ್ಲಿ ಕೂಡಿಸಲು ಹೊರಟರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು, ಮದ್ರಾಸ್ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದವರು ಅವರು. ಮಾಸ್ ಗೇಟು ಅಪ್ಪಣೆ ಕೊಡಬೇಕು, ಬೈಪೋಲಾರ್ ಭಾರ ಹೊರಬೇಕು. ಇದೇ ಇಂದಿನ ಇನ್ಸುಲೇಟೆಡ್ ಗೇಟ್ ಬೈಪೋಲಾರ್ ಟ್ರಾನ್ಸಿಸ್ಟರ್, ಅಂದರೆ ಐಜಿಬಿಟಿ. ಆರ್‌ಸಿಎ ಕಂಪನಿಯ ಬೆಕ್ ಮತ್ತು ವೀಟ್ಲಿ ಕೂಡ ಇದೇ ಜಾಡಿನಲ್ಲಿದ್ದರು. 1982ರಲ್ಲಿ ಅವರಿಗೂ ಪೇಟೆಂಟ್ ಸಿಕ್ಕಿತು.

ತೊಡಕು ರಚನೆಯ ಒಳಗೇ ಇತ್ತು. ಅದರ ನಾಲ್ಕು ಪದರಗಳಲ್ಲಿ ಥೈರಿಸ್ಟರ್ ಎಂಬ ಇನ್ನೊಂದು ಬಗೆಯ ಸ್ವಿಚ್ಚು ಅಡಗಿ ಕೂತಿರುತ್ತದೆ. ಅದೊಮ್ಮೆ ಎದ್ದರೆ ಗೇಟಿನ ಮಾತು ನಡೆಯುವುದಿಲ್ಲ. ಎಮಿಟರಿನ ಅಡಿಯಲ್ಲಿ ಹೆಚ್ಚು ಡೋಪ್ ಮಾಡಿದ ಆಳವಾದ ಪಿ-ಪದರವಿಟ್ಟು ಅದನ್ನು ಅಡಗಿಸಿದ್ದಾಯಿತು. ಇನ್ನೊಂದು ತೊಡಕು ನಿಧಾನಗತಿ: ಗೇಟು ಮುಚ್ಚಿದ ಮೇಲೂ ಒಳಗೆ ತುಂಬಿದ್ದ ಚಾರ್ಜ್ ಕರಗುವವರೆಗೆ ಕರೆಂಟು ಹರಿಯುತ್ತಲೇ ಇರುತ್ತಿತ್ತು.

ನನಗೆ ಬಹಳ ಹಿಡಿಸುವುದು ಇದಕ್ಕೆ ಸಿಕ್ಕ ಉಪಾಯ. ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಸಿಲಿಕಾನಿನ ಹರಳಿನಲ್ಲಿ ಸಣ್ಣ ಸಣ್ಣ ದೋಷಗಳಾಗಿ ಚಾರ್ಜ್ ಅಲ್ಲೇ ಬೇಗ ಸಾಯುತ್ತದೆ. ಆದರೆ ಅದೇ ಕಿರಣ ಗೇಟಿನ ಆಕ್ಸೈಡನ್ನೂ ಕೆಡಿಸುತ್ತದೆ. ಸ್ವಿಚ್ಚು ಯಾವ ವೋಲ್ಟೇಜಿಗೆ ತೆರೆಯಬೇಕೆಂಬ ಲೆಕ್ಕವೇ ತಪ್ಪುತ್ತದೆ. ಕಿರಣ ಹಾಯಿಸಿದ ಬಿಲ್ಲೆಗಳನ್ನು ಬಾಳಿಗ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟು ನೋಡಿದರು. ಆಕ್ಸೈಡಿಗೆ ಬಿದ್ದ ಏಟು ವಾಸಿಯಾಗಿತ್ತು, ಸಿಲಿಕಾನಿಗೆ ಬಿದ್ದದ್ದು ಹಾಗೇ ಉಳಿದಿತ್ತು. ಬೇಕಾದದ್ದೂ ಅದೇ! ಕಿರಣದ ಪ್ರಮಾಣ ಬದಲಿಸಿದರೆ ಒಂದೇ ವಿನ್ಯಾಸದಿಂದ ನಿಧಾನದ ಸ್ವಿಚ್ಚೂ ಸಿಗುತ್ತದೆ, ಚುರುಕಿನದೂ ಸಿಗುತ್ತದೆ. 1983ರಲ್ಲಿ ಈ ವೇಗದ ಸ್ವಿಚ್ಚಿನ ವಿವರ ಪ್ರಕಟವಾಯಿತು.

ಗೇಟಿಗೆ ಬೇಕಾದದ್ದು ಸುಮಾರು 15 ವೋಲ್ಟ್, ಅದರ ಜತೆಗೆ ಚಾರ್ಜ್ ತುಂಬುವ ಕ್ಷಣಕ್ಕಷ್ಟೇ ಕರೆಂಟು. ಹಾಗಾಗಿ ಹಿಂದಿನ ದೊಡ್ಡ ಡ್ರೈವ್ ಸರ್ಕ್ಯೂಟು ಬೆರಳ ತುದಿಯಷ್ಟು ಗೇಟ್ ಡ್ರೈವರ್ ಚಿಪ್‌ನಲ್ಲಿ ಅಡಕವಾಯಿತು. ಮೋಟಾರ್ ನಡೆಸಲು ಒಂದರ ಮೇಲೊಂದು ಜೋಡಿಸಿದ ಎರಡು ಸ್ವಿಚ್ಚುಗಳಲ್ಲಿ ಮೇಲಿನದರ ಎಮಿಟರ್ ಒಮ್ಮೆ ಸೊನ್ನೆಯಲ್ಲಿ, ಮರುಕ್ಷಣ ನೂರಾರು ವೋಲ್ಟಿನಲ್ಲಿ ಇರುತ್ತದೆ. ಅದರೊಂದಿಗೇ ಏರಿ ಇಳಿಯುವ ಒಂದು ಕೆಪಾಸಿಟರಿನಿಂದ ಚಿಪ್ ಆ ಗೇಟಿಗೆ ಬೇಕಾದ ವೋಲ್ಟೇಜ್ ಒದಗಿಸುತ್ತದೆ. ಮೋಟಾರಿನಲ್ಲಿ ಶಾರ್ಟ್ ಆದರೆ ಹಲವು ಐಜಿಬಿಟಿಗಳು ತಡೆಯುವುದು ಹತ್ತು ಮೈಕ್ರೋಸೆಕೆಂಡ್ ಮಾತ್ರ. ಅಷ್ಟರೊಳಗೆ ಸ್ವಿಚ್ಚಿನ ಮೇಲೆ ಏರಿದ ವೋಲ್ಟೇಜನ್ನು ಗುರುತಿಸಿ ಗೇಟು ಮುಚ್ಚುವ ಡ್ರೈವರ್‌ಗಳೂ ಇಂದು ಇವೆ.