ನಾವು ಅರಿಯದೆ ಬಲ್ಲ ಲ್ಯಾಟಿನ್

ಲ್ಯಾಟಿನ್ ಸತ್ತ ಭಾಷೆ ಎಂಬ ಮಾತು ರೂಢಿಯಲ್ಲಿದೆ. ಅದನ್ನು ಮನೆಮಾತಾಗಿ ಆಡುವ ಜನಾಂಗ ಈಗ ಎಲ್ಲಿಯೂ ಇಲ್ಲವೆಂಬ ಅರ್ಥದಲ್ಲಿ ಆ ಮಾತು ದಿಟವೇ. ಆದರೆ ಹುಬ್ಬಳ್ಳಿಯ ಅಂಚಿನಲ್ಲಿರುವ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಒಬ್ಬ ಕೆಲಸಗಾರನ ನಾಲ್ಕು ದಿನದ ವ್ಯವಹಾರವನ್ನು ನೆನೆದುಕೊಳ್ಳಿ. ಆತ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಾನೆ. ತಡವಾಗಿ ಬಂದದ್ದಕ್ಕೆ ಮೇಲಿನವರು ಮೆಮೊ ಕೊಡುತ್ತಾರೆ. ದೀಪಾವಳಿಗೆ ಬೋನಸ್ ಬಂದೀತೇ, ಎಕ್ಸ್ ಗ್ರೇಷಿಯಾ ಬಂದೀತೇ ಎಂದು ಜೊತೆಗಾರರೊಡನೆ ಮಾತಾಡುತ್ತಾನೆ. ಮಗಳ ಶಾಲೆಯಿಂದ ಬೋನಾಫೈಡ್ ಸರ್ಟಿಫಿಕೇಟು ತರುತ್ತಾನೆ. ತಹಸೀಲ್ದಾರರ ಕಚೇರಿಗೆ ಅಫಿಡವಿಟ್ಟು ಮಾಡಿಸುತ್ತಾನೆ. ತಾಯಿಯನ್ನು ದವಾಖಾನೆಗೆ ಕರೆದೊಯ್ದರೆ ಔಷಧದ ಚೀಟಿಯ ಮೇಲೆ ಬಿ.ಡಿ., ಟಿ.ಡಿ.ಎಸ್. ಎಂಬ ಅಕ್ಷರಗಳನ್ನು ಕಾಣುತ್ತಾನೆ. ಇವನ್ನೆಲ್ಲ ಆತ ಇಂಗ್ಲಿಷ್ ಎಂದು ಬಗೆದಿರುತ್ತಾನೆ. ನಾವೂ ಹಾಗೆಯೇ ಬಗೆದಿರುತ್ತೇವೆ. ಇವೆಲ್ಲವೂ ಮೂಲದಲ್ಲಿ ಲ್ಯಾಟಿನ್.

ಪರಭಾಷೆಯ ಶಬ್ದಗಳನ್ನು ಕಲಿಯುವುದಕ್ಕೆ ಎರಡು ದಾರಿಗಳುಂಟು. ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುವುದು ಒಂದು. ಬಳಕೆಯ ನುಡಿಗಟ್ಟನ್ನೋ ಗಾದೆಯನ್ನೋ ಹಿಡಿದು, ಅದರೊಳಗಿನ ಶಬ್ದವನ್ನು ಬಿಡಿಸಿಕೊಳ್ಳುವುದು ಇನ್ನೊಂದು. ನಮ್ಮ ಮಕ್ಕಳಿಗೆ 'ಕೆಸರು' ಎಂಬ ಶಬ್ದವನ್ನು ಯಾರೂ ಪಟ್ಟಿಯಿಂದ ಕಲಿಸುವುದಿಲ್ಲ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯೊಂದು ಕಿವಿಗೆ ಬಿದ್ದರೆ ಸಾಕು. ಶಬ್ದ, ಅದರ ಪ್ರತ್ಯಯ, ಅದರ ಇಂಗಿತ ಮೂರೂ ಒಟ್ಟಿಗೆ ಮನಸ್ಸಿನಲ್ಲಿ ನೆಲೆಸುತ್ತವೆ. ಪಟ್ಟಿಯಲ್ಲಿರುವ ಶಬ್ದ ಒಂಟಿ. ಗಾದೆಯಲ್ಲಿರುವ ಶಬ್ದಕ್ಕೆ ಬಂಧುಬಳಗವುಂಟು. ಲ್ಯಾಟಿನ್ನನ್ನು ಕಲಿಯಬಯಸುವ ಕನ್ನಡಿಗನಿಗೆ ಇಂಥ ನುಡಿಗಟ್ಟುಗಳು ಬೇಕಾದಷ್ಟು ಸಿದ್ಧವಾಗಿ ದೊರೆಯುತ್ತವೆ. ಇಂಗ್ಲಿಷರ ಬಾಯಲ್ಲಿ ಉಚ್ಚಾರ ಮಾತ್ರ ಕೊಂಚ ಬೇರೆಯಾಗಿ ನಮ್ಮವರೆಗೆ ಬಂದಿದೆ, ಅಷ್ಟೆ.

ಮೊದಲು ಬಸ್ಸನ್ನೇ ಹತ್ತೋಣ. ಇದರ ಪೂರ್ಣರೂಪ 'ಓಮ್ನಿಬುಸ್'. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನಲ್ಲಿ ಬಾಡಿಗೆ ಕೊಟ್ಟು ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ಈ ಹೆಸರು ಬಂತು. 'ಓಮ್ನಿಸ್' ಎಂದರೆ ಎಲ್ಲ. 'ಬುಸ್' ಎಂಬುದು ಬಹುವಚನದ ಚತುರ್ಥೀ ವಿಭಕ್ತಿಯ ಪ್ರತ್ಯಯ. 'ಓಮ್ನಿಬುಸ್' ಎಂದರೆ 'ಎಲ್ಲರಿಗಾಗಿ' ಎಂದರ್ಥ. ಕಾಲಕ್ರಮದಲ್ಲಿ ಜನ ಪ್ರಕೃತಿಯನ್ನು ಬಿಟ್ಟು ಪ್ರತ್ಯಯವನ್ನಷ್ಟೆ ಉಳಿಸಿಕೊಂಡರು. 'ಎಲ್ಲರಿಗಾಗಿ' ಎಂಬುದರಲ್ಲಿ 'ಎಲ್ಲ'ವನ್ನು ಕೈಬಿಟ್ಟು 'ರಿಗಾಗಿ ಬಂತು, ಹತ್ತಿರಿ' ಎಂದಂತಾಯಿತು! ಇದೊಂದನ್ನು ನೆನಪಿಟ್ಟರೆ ಲ್ಯಾಟಿನ್ನಿನಲ್ಲಿಯೂ ಕನ್ನಡದಂತೆ ಸಂಬಂಧವನ್ನು ಶಬ್ದದ ಕೊನೆಯ ಪ್ರತ್ಯಯವೇ ಹೇಳುತ್ತದೆ ಎಂಬ ವ್ಯಾಕರಣದ ಮುಖ್ಯ ಸಂಗತಿ ತಾನಾಗಿ ತಿಳಿಯುತ್ತದೆ.

ಇನ್ನು ಔಷಧದ ಚೀಟಿ. ಬಿ.ಡಿ. ಎಂದರೆ 'ಬಿಸ್ ದಿಯೆ', ದಿನಕ್ಕೆ ಎರಡು ಸಲ. ಒ.ಡಿ. ಎಂದರೆ 'ಓಮ್ನಿ ದಿಯೆ', ಪ್ರತಿದಿನ ಒಂದು ಸಲ. ಬಸ್ಸಿನಲ್ಲಿ ಕಳೆದುಹೋದ 'ಓಮ್ನಿ' ಇಲ್ಲಿ ಸಿಕ್ಕಿತು. ಟಿ.ಡಿ.ಎಸ್. ಎಂದರೆ 'ತೆರ್ ದಿಯೆ ಸೂಮೆಂದುಮ್', ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು. ಎ.ಸಿ. ಎಂಬುದು 'ಆಂತೆ ಕೀಬುಮ್', ಊಟದ ಮೊದಲು, ಪಿ.ಸಿ. ಎಂಬುದು 'ಪೋಸ್ತ್ ಕೀಬುಮ್', ಊಟದ ನಂತರ. ಎಸ್.ಒ.ಎಸ್. ಎಂದು ಬರೆದಿದ್ದರೆ ಅದು ಮುಳುಗುವ ಹಡಗಿನ ಕೂಗಲ್ಲ. 'ಸಿ ಓಪುಸ್ ಸಿತ್', ಅಂದರೆ 'ಅವಶ್ಯವಿದ್ದರೆ' ಎಂದಷ್ಟೆ. ನೋವಿದ್ದಾಗ ಮಾತ್ರ ನುಂಗಬೇಕಾದ ಗುಳಿಗೆಯನ್ನು ಹೊತ್ತು ಹೊತ್ತಿಗೆ ನುಂಗುವುದಕ್ಕೂ ಬೇಕೆನಿಸಿದಾಗ ನುಂಗುವುದಕ್ಕೂ ಇರುವ ಅಂತರ ಈ ಮೂರು ಅಕ್ಷರಗಳಲ್ಲಿ ಅಡಗಿದೆ. ಇದನ್ನರಿತವನು ತಾನೇ ವೈದ್ಯನಾಗಬೇಕೆಂದಲ್ಲ. ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಯಾವುದೆಂದು ಅವನಿಗೆ ತಿಳಿದಿರುತ್ತದೆ.

'ಸೂಮೆಂದುಮ್' ಎಂಬಲ್ಲಿ ಕೊಂಚ ನಿಲ್ಲೋಣ. ಲ್ಯಾಟಿನ್ನಿನಲ್ಲಿ 'ಅಂದುಮ್', 'ಎಂದುಮ್' ಎಂಬ ಕೊನೆ 'ಮಾಡತಕ್ಕದ್ದು', 'ಮಾಡಬೇಕಾದದ್ದು' ಎಂಬ ಅರ್ಥವನ್ನು ಕೊಡುತ್ತದೆ. ಸಂಸ್ಕೃತದ 'ತವ್ಯ', 'ಅನೀಯ' ಪ್ರತ್ಯಯಗಳ ಕೆಲಸವೇ ಇದರದು. ಹೀಗಾಗಿ 'ಮೆಮೊರಾಂಡಮ್' ಎಂದರೆ ನೆನಪಿಡತಕ್ಕದ್ದು, ಸ್ಮರಣೀಯ. ಅದನ್ನು ಕತ್ತರಿಸಿದ ರೂಪವೇ ನಮ್ಮ ಮೆಮೊ. ಸಭೆಯ 'ಅಜೆಂಡಾ' ಎಂದರೆ ಮಾಡತಕ್ಕವುಗಳು, ಕರ್ತವ್ಯಗಳು. ಸರಕಾರಿ ಪ್ರಕಟಣೆಯ ಬೆನ್ನಿಗೆ ಬರುವ 'ಕಾರಿಜೆಂಡಮ್' ಎಂದರೆ ತಿದ್ದತಕ್ಕದ್ದು. ಒಂದು ಪ್ರತ್ಯಯದ ಗುಟ್ಟು ತಿಳಿದರೆ ನಾಲ್ಕು ಶಬ್ದಗಳು ಒಮ್ಮೆಗೇ ಕೈವಶವಾದವು. ಪಟ್ಟಿಯಿಂದ ಈ ಲಾಭವಿಲ್ಲ.

ಚೀಟಿಯಲ್ಲಿ ಕಂಡ 'ದಿಯೆ' ಎಂಬುದೂ ಒಂಟಿಯಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಮುಗಿದಾಗ ಸದನವನ್ನು 'ಸೈನ್ ಡೈ' ಮುಂದೂಡಲಾಯಿತೆಂದು ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತವೆ. 'ಸಿನೆ' ಎಂದರೆ ಇಲ್ಲದೆ. 'ದಿಯೆ' ಎಂದರೆ ದಿನ. ಮುಂದಿನ ದಿನವನ್ನು ಗೊತ್ತುಪಡಿಸದೆ ಎಂದು ತಾತ್ಪರ್ಯ. ನಮ್ಮ 'ದಿನ', 'ದಿವಸ'ಗಳಿಗೂ ಲ್ಯಾಟಿನ್ನಿನ 'ದಿಯೆಸ್' ಶಬ್ದಕ್ಕೂ ಧ್ವನಿಸಾಮ್ಯ ಕಂಡರೆ ಅದು ಆಕಸ್ಮಿಕವಲ್ಲ. 1786ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತನಾಡುತ್ತ ಸರ್ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸೂಚಿಸಿದರು. ಕನ್ನಡ ದ್ರಾವಿಡ ಕುಲದ ಭಾಷೆಯಾದರೂ ಸಂಸ್ಕೃತದಿಂದ ನಾವು ಪಡೆದ ಶಬ್ದಸಂಪತ್ತು ಇಲ್ಲಿ ನೆರವಿಗೆ ಬರುತ್ತದೆ. ಶೇಕಡಾ ಎಂಬರ್ಥದ 'ಪರ್ಸೆಂಟ್' ಶಬ್ದದಲ್ಲಿರುವ 'ಕೆಂತುಮ್' ನಮ್ಮ 'ಶತ'ದ ದಾಯಾದಿ. ವಿಶ್ವವಿದ್ಯಾಲಯಗಳ ಮೌಖಿಕ ಪರೀಕ್ಷೆಯನ್ನು 'ವೈವಾ' ಎನ್ನುತ್ತೇವಷ್ಟೆ. ಅದರ ಪೂರ್ಣರೂಪ 'ವೀವಾ ವೋಕೆ', ಜೀವಂತ ದನಿಯಿಂದ. 'ವೀವಾ' ಎಂಬುದಕ್ಕೆ 'ಜೀವ' ಬಂಧು. 'ವೋಕೆ' ಎಂಬುದಕ್ಕೆ 'ವಾಕ್' ಬಂಧು. 'ವೋಕ್ಸ್ ಪೋಪುಲಿ, ವೋಕ್ಸ್ ದೇಯಿ' ಎಂಬ ಗಾದೆಯನ್ನು ಕೇಳಿರಿ. ಜನರ ವಾಕ್ಕೇ ದೇವರ ವಾಕ್ಕು ಎಂದು ಅದರ ಅರ್ಥ. 'ಪಂಚರಲ್ಲಿ ಪರಮೇಶ್ವರ' ಎಂದು ಹೇಳುವ ನಾಡಿನವರಿಗೆ ಇದನ್ನು ಬೇರೆ ವಿವರಿಸಬೇಕೇ?

ಈಗ ಹಣಕಾಸಿನ ಮಾತಿಗೆ ಬರೋಣ. 'ಬೊನುಸ್' ಎಂದರೆ ಒಳ್ಳೆಯದು. ಬೋನಸ್ ಆ ಶಬ್ದವೇ. 'ಬೊನಾ ಫಿದೆ' ಎಂದರೆ ಒಳ್ಳೆಯ ನಂಬಿಕೆಯಿಂದ, ಪ್ರಾಮಾಣಿಕವಾಗಿ. ಈ ಮಗು ನಮ್ಮ ಶಾಲೆಯದು ಖರೆ ಎಂದು ಮುಖ್ಯೋಪಾಧ್ಯಾಯರು ಕೊಡುವ ಪತ್ರಕ್ಕೆ ಆ ಹೆಸರು ಬಂದದ್ದು ಅದಕ್ಕಾಗಿಯೇ. ಅದೇ ನಂಬಿಕೆ, ಅಂದರೆ 'ಫಿದೆಸ್', 'ಅಫಿಡವಿಟ್' ಶಬ್ದದ ಒಡಲಲ್ಲಿದೆ. ಅದು ಮಧ್ಯಯುಗದ ಲ್ಯಾಟಿನ್ನಿನ ಒಂದು ಕ್ರಿಯಾಪದ. 'ಆತ ಪ್ರಮಾಣಪೂರ್ವಕ ಹೇಳಿದ್ದಾನೆ' ಎಂದು ಅದರ ಅರ್ಥ. ಆ ಕಾಗದಕ್ಕೆ ರುಜು ಹಾಕುವವನು ತನ್ನ ನಂಬಿಕೆಯನ್ನು ಒತ್ತೆಯಿಡುತ್ತಾನೆಂಬುದನ್ನು ಶಬ್ದವೇ ಎಚ್ಚರಿಸುತ್ತದೆ.

ಎಲ್ಲಕ್ಕೂ ಮಿಗಿಲಾಗಿ ಕೆಲಸಗಾರ ಅರಿಯಬೇಕಾದ ನುಡಿಗಟ್ಟು 'ಎಕ್ಸ್ ಗ್ರಾತಿಯಾ'. 'ಎಕ್ಸ್' ಎಂದರೆ ಇಂದ. 'ಗ್ರಾತಿಯಾ' ಎಂದರೆ ಕೃಪೆ. ಕೃಪೆಯಿಂದ ಕೊಟ್ಟದ್ದು ಎಂದರ್ಥ. ಪರೀಕ್ಷೆಯ 'ಗ್ರೇಸ್ ಮಾರ್ಕು' ಇದೇ ಮನೆತನದ್ದು. 1965ರ ಕಾಯಿದೆ ತನ್ನ ವ್ಯಾಪ್ತಿಗೆ ಬರುವ ಕೆಲಸಗಾರರಿಗೆ ಬೋನಸ್ಸನ್ನು ಹಕ್ಕನ್ನಾಗಿ ಮಾಡಿತು. ಆರಂಭದಲ್ಲಿ ವೇತನದ ಶೇಕಡಾ 4 ಇದ್ದ ಕನಿಷ್ಠ ಪ್ರಮಾಣ ಮುಂದೆ 8.33ಕ್ಕೆ ಏರಿತು, 2019ರ ವೇತನ ಸಂಹಿತೆಯೂ ಆ ಪ್ರಮಾಣವನ್ನು ಉಳಿಸಿಕೊಂಡಿದೆ. ಎಕ್ಸ್ ಗ್ರೇಷಿಯಾ ಹಾಗಲ್ಲ. ಅದು ಕೊಡುವವನ ಇಷ್ಟಕ್ಕೆ ಸೇರಿದ ಮಾತು. ವೇತನದ ಮಿತಿಯನ್ನು ದಾಟಿ ಕಾಯಿದೆಯ ಹೊರಗೆ ಉಳಿದವರಿಗೆ ಅದನ್ನು ಕೊಡುವ ರೂಢಿಯೂ ಉಂಟು. ಹಬ್ಬದ ಮುಂದೆ ಕೈಗೆ ಬರುವ ನೋಟುಗಳು ಎರಡರಲ್ಲಿಯೂ ಒಂದೇ ಬಣ್ಣದವು. ಆದರೆ ಚೀಟಿಯ ಮೇಲೆ ಯಾವ ಶಬ್ದವಿದೆ ಎಂಬುದನ್ನು ಓದಿ ತಿಳಿಯಬಲ್ಲವನು, 'ಕಾಯಿದೆಯಂತೆ ನನಗೆ ಸಲ್ಲಬೇಕಾದದ್ದು ಸಂದಿತೇ, ಇದು ಅದರ ಮೇಲಿನದೇ?' ಎಂದು ಕೇಳಬಲ್ಲ. ತಿಳಿಯದವನು ತನಗೆ ಸಲ್ಲಬೇಕಾದದ್ದಕ್ಕೂ ಕೈಮುಗಿದು ಬರುತ್ತಾನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಶಬ್ದದ ಮೂಲವೇ ಅದರ ಇಂದಿನ ಅರ್ಥವೆಂದು ತಿಳಿಯಬಾರದು. 'ಗ್ರಾಚ್ಯುಟಿ' ಕೂಡ ಕೃಪೆಯ ಕುಲದ ಶಬ್ದವೇ. ಒಂದು ಕಾಲಕ್ಕೆ ಧಣಿ ಮೆಚ್ಚಿ ಕೊಡುವ ಉಡುಗೊರೆಗೆ ಆ ಹೆಸರಿತ್ತು. 1972ರ ಕಾಯಿದೆ ಅದನ್ನು ಹಕ್ಕನ್ನಾಗಿ ಮಾರ್ಪಡಿಸಿ, ಸೇವೆಯ ವರ್ಷವೊಂದಕ್ಕೆ 15 ದಿನಗಳ ವೇತನವೆಂದು ಲೆಕ್ಕ ಹಾಕಿಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಹಕ್ಕಾಗಿಯೇ ಉಳಿದಿದೆ. ಅಕ್ಕತಂಗಿಯರಂತಿರುವ ಎರಡು ಶಬ್ದಗಳಲ್ಲಿ ಒಂದು ತವರಿನ ಅರ್ಥವನ್ನೇ ಹಿಡಿದು ಕುಳಿತಿದೆ. ಇನ್ನೊಂದು ಕಾಯಿದೆಯ ಕೈಹಿಡಿದು ಬೇರೆ ಮನೆ ಸೇರಿದೆ. ಮೂಲವು ನೆನಪಿಗೆ ನೆರವು. ನಿರ್ಣಯಕ್ಕೆ ಇಂದಿನ ಬಳಕೆಯೇ ಪ್ರಮಾಣ.

'ಎಕ್ಸ್' ಗೊತ್ತಾದ ಮೇಲೆ 'ಎಕ್ಸ್ ಪಾರ್ಟೆ' ಕಷ್ಟವಲ್ಲ. ಒಂದು ಪಕ್ಷದಿಂದ, ಏಕಪಕ್ಷೀಯವಾಗಿ ಎಂದರ್ಥ. ನೋಟೀಸು ಮುಟ್ಟಿದ ಮೇಲೂ ವಿಚಾರಣೆಗೆ ಹೋಗದವನ ಬೆನ್ನ ಹಿಂದೆ ನಡೆಯುವ ನಡವಳಿ ಅದು. ನ್ಯಾಯಾಲಯದ ನುಡಿಗಟ್ಟುಗಳಲ್ಲೆಲ್ಲ ಹಿರಿದಾದದ್ದು 'ಹೇಬಿಯಸ್ ಕಾರ್ಪಸ್'. 'ಕೊರ್ಪುಸ್' ಎಂದರೆ ದೇಹ. ಊರಿನ ಜನ ಒಂದೇ ದೇಹವಾಗಿ ಆಡಳಿತ ನಡೆಸುವ ಸಂಸ್ಥೆಗೆ 'ಕಾರ್ಪೊರೇಶನ್' ಎಂಬ ಹೆಸರು ಬಂದದ್ದು ಅದರಿಂದಲೇ. ಹುಬ್ಬಳ್ಳಿ-ಧಾರವಾಡಗಳು 1962ರಿಂದ ಅಂಥ ಒಂದೇ ದೇಹ. 'ಹೇಬಿಯಸ್ ಕಾರ್ಪಸ್' ಎಂದರೆ 'ದೇಹವನ್ನು ನೀನು ಹಾಜರಿಡು'. ಸೆರೆಯಲ್ಲಿಟ್ಟ ಮನುಷ್ಯನನ್ನು ತಂದು ನ್ಯಾಯಾಧೀಶರ ಎದುರು ನಿಲ್ಲಿಸಿ ಕಾರಣ ಹೇಳೆಂದು ಸರಕಾರಕ್ಕೂ ಅಪ್ಪಣೆ ಮಾಡುವ ಮಾತಿದು. ತುರ್ತುಪರಿಸ್ಥಿತಿಯಲ್ಲಿ, 1976ರ ಏಪ್ರಿಲ್‌ನಲ್ಲಿ, ಈ ಎರಡು ಶಬ್ದಗಳ ಬಲ ಪ್ರಜೆಗೆ ಇಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು; ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಅದೇ ನ್ಯಾಯಾಲಯ ಆ ತೀರ್ಪನ್ನು ತಪ್ಪೆಂದು ತಳ್ಳಿಹಾಕಿತು. ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠವೂ 2013ರಲ್ಲಿ ಕಾಯಂ ಪೀಠವೂ ಆದ ಮೇಲೆ, ಈ ಭಾಗದವರು ಆ ಎರಡು ಶಬ್ದಗಳನ್ನು ಆಡುವುದಕ್ಕೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.

ಇವೆಲ್ಲ ಕನ್ನಡದಲ್ಲಿಯೇ ಇರಬಾರದೇಕೆ ಎಂದು ಕೇಳುವವರುಂಟು. ಇರಬೇಕು, ಯಥಾಸ್ಥಿತಿ, ಏಕಪಕ್ಷೀಯ, ಪ್ರಮಾಣಪತ್ರ ಮುಂತಾಗಿ ಅನೇಕ ಶಬ್ದಗಳು ಆಗಲೇ ನೆಲೆಗೊಂಡಿವೆ. ಆದರೆ ಮೂಲದ ಶಬ್ದ ಬಿಡಿಸಿ ನೋಡಿದವನಿಂದಲೇ ಒಳ್ಳೆಯ ಕನ್ನಡ ಶಬ್ದ ಹುಟ್ಟೀತು. ಕಾಗದಗಳೆಲ್ಲ ಕನ್ನಡವಾಗುವವರೆಗೆ ಇಂದು ಕೈಗೆ ಬಂದ ಕಾಗದವನ್ನು ಓದಲೇಬೇಕಲ್ಲವೆ?

ಮಾಡತಕ್ಕ ಕೆಲಸ ದೊಡ್ಡದೇನೂ ಅಲ್ಲ. ಮನೆಗೆ ಬರುವ ಚೀಟಿ, ನೋಟೀಸು, ವೇತನಪತ್ರಗಳಲ್ಲಿ ಕಂಡ ಇಂಥ ನುಡಿಗಟ್ಟನ್ನು ಮಕ್ಕಳ ಕೈಯಿಂದ ಒಂದು ನೋಟುಬುಕ್ಕಿನಲ್ಲಿ ಬರೆಯಿಸಿರಿ. ಅದನ್ನು ಬಿಡಿ ಶಬ್ದಗಳಾಗಿ ಒಡೆದು, ಪ್ರತಿ ಶಬ್ದದ ಎದುರಿಗೆ ಕನ್ನಡದ ಅರ್ಥವನ್ನೂ, ಅದೇ ಶಬ್ದ ಬರುವ ಇನ್ನೊಂದು ನುಡಿಗಟ್ಟನ್ನೂ ಬರೆಯಿಸಿರಿ. ಹತ್ತು ನುಡಿಗಟ್ಟುಗಳಾಗುವಷ್ಟರಲ್ಲಿ ಶಬ್ದಗಳು ಒಂದನ್ನೊಂದು ಕೈಮಾಡಿ ಕರೆಯತೊಡಗುತ್ತವೆ. ಆ ನೋಟುಬುಕ್ಕು ಮನೆಯಲ್ಲಿದ್ದರೆ, ಮುಂದೆ ಕಾಗದವೊಂದರ ಕೆಳಗೆ ರುಜು ಹಾಕುವ ಮೊದಲು ತೆರೆದು ನೋಡುವುದಕ್ಕೆ ಒಂದು ಆಧಾರವಾದರೂ ಇರುತ್ತದೆ.

(ಬಾನುಲಿ ಭಾಷಣ)