ಪೊರೆ ತೆಗೆದ ಮೇಲೂ ಕಣ್ಣಿನ ಆರೈಕೆ

ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಲವು ವರ್ಷ ಸುಖವಾಗಿದ್ದ ಹಿರಿಯರಲ್ಲಿ ಕೆಲವರಿಗೆ ಬೆಳಗಿನ ಪೂಜೆಗೆ ಕುಳಿತಾಗ ಕರಸ್ಥಲದ ಇಷ್ಟಲಿಂಗವು ಮಂಜು ಕವಿದಂತೆ ತೋರುವುದುಂಟು. ಹೊತ್ತೇರಿದಂತೆ ನೋಟ ತಿಳಿಯಾಗುತ್ತದೆ. ಪೊರೆ ಮತ್ತೆ ಬಂದಿರಬೇಕೆಂದು ಭಾವಿಸಿ ಅವರು ಸುಮ್ಮನಾಗುತ್ತಾರೆ. ಆದರೆ ತೆಗೆದ ಪೊರೆ ಮರಳಿ ಬೆಳೆಯುವುದಿಲ್ಲ. ಕೃತಕ ಮಸೂರದ ಹಿಂದಿನ ತೆಳುಚೀಲ ಮಸುಕಾಗಬಹುದು, ನಿಜ. ಆ ಮಸುಕು ಮಧ್ಯಾಹ್ನಕ್ಕೆ ಕರಗುವಂಥದ್ದಲ್ಲ. ಬೆಳಿಗ್ಗೆ ಹೆಚ್ಚಾಗಿದ್ದು ಬರಬರುತ್ತ ಕಡಿಮೆಯಾಗುವ ಮಸುಕಿಗೆ ಕಾರಣವನ್ನು ಕಾರ್ನಿಯಾದಲ್ಲಿ ಹುಡುಕಬೇಕು.

ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪಟಲ. ಅದರ ಒಳಮೈಯಲ್ಲಿ ಜೇನುಗೂಡಿನಂತೆ ಆರು ಮೂಲೆಯ ಜೀವಕೋಶಗಳ ಒಂದೇ ಒಂದು ಪದರವಿದೆ. ಕಣ್ಣೊಳಗಿನ ದ್ರವವು ಕಾರ್ನಿಯಾಕ್ಕೆ ಸದಾ ಜಿನುಗುತ್ತಿರುತ್ತದೆ. ಅದನ್ನು ಹಗಲಿರುಳೂ ಹೊರಕ್ಕೆ ಎತ್ತಿ ಹಾಕುವ ಕಾಯಕ ಈ ಕೋಶಗಳದು. ಇವು ಸೋತರೆ ಪಟಲ ನೀರುಂಡು ಊದಿಕೊಂಡು ಮಸುಕಾಗುತ್ತದೆ. ನಿದ್ರೆಯಲ್ಲಿ ರೆಪ್ಪೆ ಮುಚ್ಚಿರುವುದರಿಂದ ನೀರು ಆವಿಯಾಗಲು ಅವಕಾಶವಿಲ್ಲ. ಆದ್ದರಿಂದಲೇ ಬೆಳಗಿನ ಮಂಜು.

ಚರ್ಮದ ಕೋಶಗಳಂತೆ ಇವು ಮತ್ತೆ ಹುಟ್ಟುವುದಿಲ್ಲ. ಒಂದು ಸತ್ತರೆ ನೆರೆಯ ಕೋಶ ಹಿಗ್ಗಿ ಆ ಸ್ಥಳವನ್ನು ತುಂಬುತ್ತದೆ, ಅಷ್ಟೆ. ತಾರುಣ್ಯದಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 3000 ಇರುವ ಕೋಶಗಳು ವರ್ಷಕ್ಕೆ ಶೇ. 0.6ರಷ್ಟು ತಾವಾಗಿಯೇ ಇಳಿಯುತ್ತವೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕೆಲವು ನಷ್ಟವಾಗುತ್ತವೆ. ಅನಂತರದ ಹತ್ತು ವರ್ಷ ಗಮನಿಸಿದಾಗ ಇಳಿಕೆ ವರ್ಷಕ್ಕೆ ಶೇ. 2.5ರಷ್ಟು ಕಂಡುಬಂದದ್ದುಂಟು. ಸಂಖ್ಯೆ 500ರ ಸಮೀಪಕ್ಕೆ ಬಂದರೆ ಊತದ ಭಯ. ಹೆಚ್ಚಿನವರು ಆ ಮಟ್ಟಕ್ಕೆ ಇಳಿಯುವುದೇ ಇಲ್ಲ.

ಆದುದರಿಂದ ಶಸ್ತ್ರಚಿಕಿತ್ಸೆಗೆ ಅಂಜಬಾರದು. 'ಪೊರೆ ಚೆನ್ನಾಗಿ ಹಣ್ಣಾಗಲಿ' ಎಂದು ಕಾಯುವ ಹಳೆಯ ರೂಢಿಯೇ ಹೆಚ್ಚು ಹಾನಿಕರವೆಂದು ನಾವು ಬಲ್ಲೆವು. ಗಟ್ಟಿಯಾದ ಪೊರೆಯನ್ನು ಒಡೆಯಲು ಹೆಚ್ಚು ಶ್ರವಣಾತೀತ ಶಕ್ತಿ ಬೇಕು; ಅದರ ಪೆಟ್ಟು ಈ ಕೋಶಗಳಿಗೇ. ಮಧುಮೇಹವಿರುವವರು, ಕಣ್ಣಿಗೆ ಹಿಂದೆ ಪೆಟ್ಟಾದವರು, ಮನೆತನದಲ್ಲಿ ಕಾರ್ನಿಯಾ ರೋಗವಿರುವವರು ಶಸ್ತ್ರಚಿಕಿತ್ಸೆಗೆ ಮುನ್ನ ಕೋಶಗಳ ಎಣಿಕೆ ಮಾಡಿಸಿಕೊಳ್ಳುವಂತೆ ವೈದ್ಯರನ್ನು ಕೇಳಬೇಕು. ಅದು ನೋವಿಲ್ಲದ, ಚಿತ್ರ ತೆಗೆಯುವಂಥ ಪರೀಕ್ಷೆ. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಕಣ್ಣುಜ್ಜಬಾರದು. ಹಣೆಯ ವಿಭೂತಿ ಉದುರಿ ಕಣ್ಣಿಗೆ ಬೀಳದಂತೆಯೂ ನೋಡಿಕೊಳ್ಳಬೇಕು.

ಬೆಳಗಿನ ಮಂಜು ಕಂಡವರು ತಡಮಾಡದೆ ನೇತ್ರತಜ್ಞರನ್ನು ಕಾಣಲಿ. ಆರಂಭದಲ್ಲಿ ಉಪ್ಪಿನಂಶದ ಹನಿಗಳಿಂದ ಊತ ತಗ್ಗೀತು. ಕೋಶಗಳು ತೀರಾ ಕ್ಷೀಣಿಸಿದ್ದರೆ ಇಂದು ಇಡೀ ಕಾರ್ನಿಯಾದ ಬದಲಿಗೆ ಒಳಪದರವೊಂದನ್ನೇ ಕಸಿ ಮಾಡುವ ವಿಧಾನವಿದೆ. ಆ ಪದರ ದೊರೆಯುವುದು ನೇತ್ರದಾನದಿಂದ ಮಾತ್ರ. ಕನ್ನಡಕ ಧರಿಸುತ್ತಿದ್ದವರ ಕಣ್ಣೂ ಸ್ವೀಕಾರಾರ್ಹ. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ ಅಲಂಕರಿಸುವ ಮೊದಲೇ, ಆರು ಗಂಟೆಯೊಳಗೆ, ನೇತ್ರಭಂಡಾರಕ್ಕೆ ತಿಳಿಸಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ನಿಲ್ಲಿಸಿರಬೇಕು. ಕೆಲಸ ಮುಗಿಯಲು ಅರ್ಧ ಗಂಟೆ ಸಾಕು. ಸಮಾಧಿ ಸಂಸ್ಕಾರಕ್ಕೆ ಅಡ್ಡಿಯಿಲ್ಲ, ಮುಖವೂ ವಿಕಾರವಾಗುವುದಿಲ್ಲ.