ಕಣ್ಣಿನ ಬಾಗಿಲಲ್ಲೇ ತಡೆದರೆ?

ಕಣ್ಣು ಕೆಂಪಾಯಿತೆಂದರೆ ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಮೊದಲು ಬರುವ ಮಾತು ‘ಕಣ್ಣು ಬಂದಾವ’. ಬಹಳ ಸಲ ಅದು ನಿಜವೂ ಹೌದು. ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ. ಆದರೆ ಗೀಜು ಕಟ್ಟದೆ, ನೋವು ಕಣ್ಣಿನ ಆಳದಿಂದ ಬರುತ್ತಿದ್ದರೆ, ಬೆಳಕು ಕಂಡರೆ ಆಗದಿದ್ದರೆ, ದೃಷ್ಟಿ ಮಂಜಾಗಿದ್ದರೆ ಅದು ಯೂವಿಯೈಟಿಸ್ ಇರಬಹುದು.

ಕಣ್ಣಿನ ಬಣ್ಣದ ಪರದೆಯಿಂದ ರೆಟಿನಾದ ಹಿಂದಿನ ರಕ್ತನಾಳಗಳ ಪದರದವರೆಗೆ ಹಬ್ಬಿರುವ ಭಾಗ ಯೂವಿಯಾ. ಅಲ್ಲಿನ ಉರಿಯೂತವೇ ಯೂವಿಯೈಟಿಸ್. ಕ್ಷಯದಂಥ ಸೋಂಕಿನಿಂದ ಅದು ಬರಬಹುದು. ಸೋಂಕೇ ಇಲ್ಲದೆ, ದೇಹದ ರಕ್ಷಣಾ ಕಣಗಳು ತಮ್ಮದೇ ಕಣ್ಣಿನ ಪ್ರೋಟೀನನ್ನು ವೈರಿಯೆಂದು ಬಗೆದಾಗಲೂ ಬರುತ್ತದೆ. ನೇತ್ರವೈದ್ಯರು ಸ್ಲಿಟ್ ಲ್ಯಾಂಪಿನ ಕಿರುಬೆಳಕನ್ನು ಓರೆಯಾಗಿ ಬಿಟ್ಟು, ಕಣ್ಣಿನ ಮುಂಭಾಗದ ತಿಳಿ ದ್ರವದಲ್ಲಿ ತೇಲುವ ಚುಕ್ಕೆಗಳನ್ನು ಎಣಿಸುತ್ತಾರೆ. 1 ಮಿ.ಮೀ. ಉದ್ದಗಲದ ಬೆಳಕಿನಲ್ಲಿ 6ರಿಂದ 15 ಕಂಡರೆ ‘ಒನ್ ಪ್ಲಸ್’. 50 ದಾಟಿದರೆ ‘ಫೋರ್ ಪ್ಲಸ್’. ಆ ಚುಕ್ಕೆಗಳೇ ರಕ್ತನಾಳ ದಾಟಿ ಬಂದ ಬಿಳಿ ರಕ್ತಕಣಗಳು.

ದಾಟುವುದು ಸುಲಭವಲ್ಲ. ಬಸವಕಲ್ಯಾಣದ ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ಮತ್ತೊಂದು ಎದುರಾಗುವ ಹಾಗೆ ಇಲ್ಲೂ ಹಂತಗಳಿವೆ. ರಭಸದಿಂದ ಹರಿಯುವ ರಕ್ತದಲ್ಲಿ ಕಣವು ಮೊದಲು ಸೆಲೆಕ್ಟಿನ್ ಅಣುಗಳನ್ನು ಹಿಡಿಯುತ್ತ ಬಿಡುತ್ತ ನಾಳದ ಗೋಡೆಗುಂಟ ಉರುಳುತ್ತದೆ. ಉರಿಯೂತದ ರಾಸಾಯನಿಕ ಸುಳಿವು ಸಿಕ್ಕೊಡನೆ ಅದರ ಮೈಮೇಲಿನ ಇಂಟಿಗ್ರಿನ್‌ಗಳು ಗೋಡೆಯನ್ನು ಬಿಗಿಯಾಗಿ ಕಚ್ಚುತ್ತವೆ. ಆಮೇಲೆ ಕಣ ಮೈ ಚಪ್ಪಟೆ ಮಾಡಿಕೊಂಡು ಒಳಗೆ ತೂರುತ್ತದೆ.

ಸೋಂಕಿಲ್ಲದ ಯೂವಿಯೈಟಿಸ್‌ಗೆ ಇಂದಿಗೂ ಮೊದಲ ಮದ್ದು ಸ್ಟೀರಾಯ್ಡ್. ಉರಿಯನ್ನು ಬೇಗ ಇಳಿಸುತ್ತದೆ, ಆದರೆ ಬಹುಕಾಲ ಬಳಸಿದರೆ ಪೊರೆ, ಗ್ಲಾಕೋಮಾಕ್ಕೆ ದಾರಿ. ಅದಕ್ಕೇ ಕಣಗಳನ್ನು ಬಾಗಿಲಲ್ಲೇ ತಡೆಯುವ ಯೋಚನೆ. ಅದಕ್ಕೂ ಬೆಲೆ ಇದೆ. ಒಂದು ಇಂಟಿಗ್ರಿನ್‌ಗೆ ಬೀಗ ಹಾಕುತ್ತಿದ್ದ ಸೋರಿಯಾಸಿಸ್ ಮದ್ದು ಎಫಲಿಜುಮ್ಯಾಬ್ 2009ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಅದನ್ನು ಪಡೆದ ಕೆಲವರ ಮಿದುಳಿಗೆ ಮಾರಕ ವೈರಾಣು ಸೋಂಕು ತಗುಲಿತ್ತು. ಮಿದುಳನ್ನು ಕಾಯುವ ಕಣಗಳಿಗೂ ಅದೇ ಬಾಗಿಲು ಬೇಕು.

ಹಾಗಾದರೆ ಯಾವ ಬಾಗಿಲು? ಒಂದು ಸುಳಿವು ನಮ್ಮ ರಾಜ್ಯದ್ದೇ. ಕ್ಯೂಬಾದ ಸಂಸ್ಥೆಯೊಂದಿಗೆ ಸೇರಿ ಬೆಂಗಳೂರಿನ ಬಯೋಕಾನ್ ಬೆಳೆಸಿದ ಇಟೊಲಿಜುಮ್ಯಾಬ್‌ಗೆ 2013ರಲ್ಲಿ ಭಾರತದಲ್ಲಿ ಸೋರಿಯಾಸಿಸ್ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಈ ಪ್ರತಿಕಾಯ ಹಿಡಿಯುವುದು ಟಿ ಕಣಗಳೆಂಬ ಬಿಳಿ ರಕ್ತಕಣಗಳ ಮೇಲಿನ ಸಿಡಿ6 ಎಂಬ ಅಣುವನ್ನು. ಸಿಡಿ6ರ ಜೋಡಿ ಅಣುವಾದ ಆಲ್‌ಕ್ಯಾಮ್ ರಕ್ತನಾಳದ ಗೋಡೆಯಲ್ಲೂ ಇದೆ. ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಡಿ6 ಇಲ್ಲದ ಇಲಿಗಳ ರೆಟಿನಾಕ್ಕೆ ಯೂವಿಯೈಟಿಸ್‌ನಂಥ ಉರಿಯೂತ ಕಡಿಮೆ ತಟ್ಟಿತು. ಸಿಡಿ6 ವಿರುದ್ಧದ ಬೇರೊಂದು ಪ್ರತಿಕಾಯವೂ ಇಲಿಗಳ ಕಣ್ಣನ್ನು ಕಾಪಾಡಿತು. ಇಲಿಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗುತ್ತದೆಯೇ ಎಂಬುದನ್ನು ಚಿಕಿತ್ಸಾ ಪ್ರಯೋಗಗಳೇ ಹೇಳಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸಮಯ. ಕೆಂಪಿನ ಜೊತೆಗೆ ನೋವು, ಮಂಜು, ಬೆಳಕು ಸಹಿಸದಿರುವುದು ಕಂಡರೆ ಮೆಡಿಕಲ್ ಅಂಗಡಿಯ ಸ್ಟೀರಾಯ್ಡ್ ಹನಿ ನೆಚ್ಚಿಕೊಂಡು ವಾರ ಕಳೆಯಬೇಡಿ. ಬೀದರಿಗೋ ಕಲಬುರಗಿಗೋ ಅಂದೇ ಬಸ್ ಹತ್ತಿ, ಸ್ಲಿಟ್ ಲ್ಯಾಂಪಿನ ಮುಂದೆ ಗದ್ದ ಊರಿ. ಬೇಗ ಗುರುತಿಸಿದ ಯೂವಿಯೈಟಿಸ್‌ನಲ್ಲಿ ಬಹುಪಾಲು ದೃಷ್ಟಿ ಉಳಿಯುತ್ತದೆ.